ಗುಲಾಬಿಯ ಬುಡ ನೋಡುತ್ತಿದ್ದಾಕೆ

ಮೂವತ್ತೊಂದು ವರ್ಷ ನಾನು ಮಾಡಿದ ಕೆಲಸ ಅನುಮಾನಪಡುವುದು. ಕ್ಯಾಲನೂರಿನ ಹಾಲಿನ ಡೈರಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಊರಿನವರು ಕ್ಯಾನು ತಂದು ನನ್ನ ಮುಂದೆ ಇಡುತ್ತಿದ್ದರು. ನಾನು ಒಂದೊಂದು ಕ್ಯಾನಿನಿಂದಲೂ ಹಾಲು ತೆಗೆದು, ಗಾಜಿನ ಲ್ಯಾಕ್ಟೋಮೀಟರ್ ಇಳಿಬಿಟ್ಟು, ನೀರು ಬಿದ್ದಿದೆಯೇ ಇಲ್ಲವೇ ಎಂದು ನೋಡುತ್ತಿದ್ದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುವುದು ಬೇರೆಯವರಿಗೆ ಗಾದೆ, ನನಗೆ ಅದೇ ಸಂಬಳ.

ಈ ಕೆಲಸ ಮಾಡಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಮದುವೆ ಮನೆಯ ಪಾಯಸ ಬಾಯಿಗಿಟ್ಟರೂ ನಾಲಿಗೆ ಮೊದಲು ಕೇಳುವುದು ಇದಕ್ಕೆಷ್ಟು ನೀರು ಬೆರೆಸಿದ್ದಾರೆ ಎಂದು. ಬಸ್ಸಿನಲ್ಲಿ ಪಕ್ಕದವನು ಸುಮ್ಮನೆ ನಕ್ಕರೆ ನನ್ನ ಕೈ ಜೇಬಿಗೆ ಹೋಗುತ್ತದೆ. ನನ್ನ ಹೆಂಡತಿ ಹೇಳುತ್ತಿದ್ದಳು, "ನಿಮ್ಮನ್ನ ಸ್ವರ್ಗಕ್ಕೆ ಕಳಿಸಿದ್ರೂ ಅಲ್ಲಿ ಅಮೃತಕ್ಕೆ ಲ್ಯಾಕ್ಟೋಮೀಟರ್ ಬಿಡ್ತೀರ." ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಇದನ್ನೆಲ್ಲ ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಹೋದ ಬೇಸಿಗೆಯಲ್ಲಿ ತೀರಿಕೊಂಡ ಪಕ್ಕದ ಮನೆಯಾಕೆಯ ಬಗ್ಗೆ ಬರೆಯಲು ಕೂತಿದ್ದೇನೆ. ಆಕೆಯನ್ನು ನಾನು ಬಹುಪಾಲು ನೋಡಿದ್ದು ಅನುಮಾನದ ಕಣ್ಣಿನಿಂದ. ಆ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆದರೇ ಆಕೆ ಸರಿಯಾಗಿ ಕಾಣುತ್ತಾಳೆ ಎಂದು ನನ್ನ ನಂಬಿಕೆ. ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಆಕೆಯನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಶ್ರೀನಿವಾಸಪುರದಕ್ಕ ಎನ್ನುತ್ತಿದ್ದರು.

ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳ ನಡುವೆ ಹುಟ್ಟಿದಾಕೆ. ಹತ್ತು ಹನ್ನೊಂದು ವರ್ಷಕ್ಕೇ ಕೈಗೆ ಕಸಿ ಚೂರಿ ಬಂದಿತ್ತಂತೆ. ಮದುವೆಯಾಗಿ ಮಾಲೂರಿಗೆ ಹೋದ ಮೇಲೆ ಅಲ್ಲಿನ ಒಂದು ನರ್ಸರಿಯಲ್ಲಿ ಗುಲಾಬಿಗೆ ಕಸಿ ಕಟ್ಟುತ್ತಿದ್ದಳು. ಗಂಡ ಹೋದ ಮೇಲೆ ಮಗ ಸೊಸೆಯ ಜೊತೆ ನಮ್ಮ ಪಕ್ಕದ ಮನೆಗೆ ಬಂದು, ಒಂದು ಹಸು ಕಟ್ಟಿಕೊಂಡಳು. ಕೊಟ್ಟಿಗೆಯ ಶೀಟಿನ ಮೇಲೆ ಒಂದು ಬಿಳಿ ಬಳ್ಳಿ ಗುಲಾಬಿಯನ್ನೂ ಹಬ್ಬಿಸಿದಳು. ಎಡಗೈ ಹೆಬ್ಬೆರಳಿನ ತುಂಬ ಚೂರಿಯ ಗೀರುಗಳು, ಹೆಂಚಿನ ಮೇಲೆ ಗೀಚಿದ ಹಾಗೆ. ಮಡಿಸುವ ಆ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ದೇವಸ್ಥಾನಕ್ಕೂ ಹಾಗೇ ಬರುತ್ತಿದ್ದಳು, ಸಾವಿನ ಮನೆಗೂ ಹಾಗೇ. ಚೂರಿ ಇಟ್ಟುಕೊಂಡು ಓಡಾಡುವ ಹೆಂಗಸನ್ನು ಯಾರು ತಾನೇ ನಂಬುತ್ತಾರೆ?

ಇನ್ನೊಂದು ವಿಚಿತ್ರ ಅಭ್ಯಾಸವಿತ್ತು. ಮರವಾಗಲಿ ಮನುಷ್ಯನಾಗಲಿ, ಆಕೆ ಮೊದಲು ನೋಡುತ್ತಿದ್ದುದು ಬುಡ. ಯಾರದ್ದಾದರೂ ಮಾವಿನ ಮರದ ತುಂಬ ಬಾದಾಮಿ ಹಣ್ಣು ಜೋತುಬಿದ್ದಿದ್ದರೂ ತಲೆ ಎತ್ತುತ್ತಿರಲಿಲ್ಲ, ಕುಕ್ಕರುಗಾಲಲ್ಲಿ ಕೂತು ಬುಡ ಕೆದಕುತ್ತಿದ್ದಳು. "ಹಣ್ಣಿಗೆ ಊರೆಲ್ಲಾ ನೆಂಟ್ರು, ಬುಡಕ್ಕೆ ಯಾರೂ ಇಲ್ಲ," ಎನ್ನುವುದು ಆಕೆಯ ಮಾತು. ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನನ್ನ ಹೆಂಡತಿ ಆಕೆಯನ್ನೂ ಕರೆದಿದ್ದಳು. ಎಲ್ಲರೂ ಹುಡುಗನ ಮುಖ ನೋಡುತ್ತಿದ್ದರೆ ಈಕೆ ಬಾಗಿಲ ಹತ್ತಿರ ನಿಂತು ಅವನ ಕಾಲನ್ನೇ ನೋಡುತ್ತಿದ್ದಳು. ಹೊರಗೆ ಬಿಟ್ಟ ಹೊಸ ಚಪ್ಪಲಿಗಳ ಮೇಲೆ ಕಣ್ಣು ಹಾಕಿದ್ದಾಳೆಯೇ ಎಂದು ನಾನು ಎದ್ದುಹೋಗಿ ಅವನ್ನು ಒಳಗೆ ತಂದಿಟ್ಟೆ. ಅವರು ಹೋದ ಮೇಲೆ ಆಕೆ ನನ್ನ ಹೆಂಡತಿಗೆ ಹೇಳಿದಳಂತೆ, "ಹಿಮ್ಮಡಿ ಒಡೆದದೆ ಕಣೇ. ಕೆಲಸ ಮಾಡೋ ಹುಡುಗ. ಕೊಡು." ಕೊಟ್ಟೆವು. ಅಳಿಯ ಮುಳಬಾಗಿಲಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಚೆನ್ನಾಗಿಯೇ ಇದ್ದಾನೆ. ಆದರೂ ಆಕೆಯ ಮಾತಿನಿಂದ ಮದುವೆ ಕುದುರಿತು ಎಂದು ನಾನು ಒಪ್ಪಿಕೊಂಡವನಲ್ಲ.

ನನ್ನ ಮತ್ತು ಆಕೆಯ ನಡುವೆ ಒಂದು ಹಳೆಯ ಗಂಟಿತ್ತು. ಆಕೆ ಡೈರಿಗೆ ಹಾಲು ಹಾಕಲು ಶುರುಮಾಡಿದ ಮೊದಲ ವರ್ಷ, ಒಂದು ಬೆಳಿಗ್ಗೆ ಆಕೆಯ ಹಾಲಿನಲ್ಲಿ ಲ್ಯಾಕ್ಟೋಮೀಟರ್ ಸರ್ರನೆ ಇಳಿದುಹೋಯಿತು. ಸಾಲಿನಲ್ಲಿದ್ದವರಿಗೆಲ್ಲ ಕಾಣುವಂತೆ ಗಾಜಿನ ಕೊಳವೆಯನ್ನು ಎತ್ತಿ ಹಿಡಿದೆ.

"ಏನಮ್ಮಾ ಇದು, ನಿಮ್ಮ ಹಸು ಬಾವಿ ಕುಡಿದು ಬಂದಿದ್ಯಾ?"

ಸಾಲು ನಕ್ಕಿತು. ಆಕೆ, "ಮಳೆ ಹುಲ್ಲು ಮೇಯ್ದದೆ ಸಾರ್, ಹಾಲು ತೆಳ್ಳಗೆ ಅದೆ," ಎಂದಳು. ನಾನು ಹಾಲನ್ನು ವಾಪಸ್ಸು ಕೊಟ್ಟುಬಿಟ್ಟೆ. ಅಷ್ಟಕ್ಕೇ ಬಿಡಬಹುದಿತ್ತು. ನಾನು ಬಿಡಲಿಲ್ಲ. ಮುಂದಿನ ಎಂಟು ದಿನವೂ ಆಕೆಯನ್ನೇ ಮೊದಲು ಕರೆದು, ಎಲ್ಲರ ಮುಂದೆ ಪರೀಕ್ಷೆ ಮಾಡಿದೆ. ಹಾಲು ಸರಿಯಾಗಿಯೇ ಇರುತ್ತಿತ್ತು. ಒಂಬತ್ತನೇ ದಿನ ಆಕೆ ಬರಲಿಲ್ಲ. ಅಂದಿನಿಂದ ಹಾಲನ್ನು ಬಸ್ ಸ್ಟಾಪಿನ ಟೀ ಹೋಟೆಲಿಗೆ ಹಾಕಿದಳು. ನನ್ನ ಜೊತೆ ಮಾತು ಬಿಟ್ಟಳು. ನನ್ನ ಹೆಂಡತಿಯ ಜೊತೆ ಮಾತ್ರ ಗೋಡೆಯ ಮೇಲಿಂದ ಹುಳಿಯ ಬಟ್ಟಲು ಹೋಗುತ್ತಿತ್ತು, ಚಟ್ನಿಯ ಬಟ್ಟಲು ಬರುತ್ತಿತ್ತು. ಆ ಚಟ್ನಿಯನ್ನೂ ನಾನು ಮೂಸಿ ನೋಡದೆ ತಿಂದವನಲ್ಲ.

ಹೀಗಿರುವಾಗ ಒಂದು ದಿನ ಇಬ್ಬರೂ ಸೇರಿ, ನನಗೆ ಹೇಳದೆ, ಬಸ್ಸು ಹತ್ತಿ ಮಾಲೂರಿಗೆ ಹೋಗಿಬಂದರು. ಬರುವಾಗ ನನ್ನ ಹೆಂಡತಿಯ ತೊಡೆಯ ಮೇಲೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಒಂದು ಬಳ್ಳಿ ಗುಲಾಬಿ. ತೆಳು ರೋಸ್ ಬಣ್ಣದ, ಗೊಂಚಲು ಗೊಂಚಲಾಗಿ ಬಿಡುವ ಹೂವು. ಸ್ವಂತ ಮನೆ ಕಟ್ಟಿದ ದಿನದಿಂದ ಗೇಟಿನ ಮೇಲೆ ಬಳ್ಳಿ ಹಬ್ಬಿಸಬೇಕು ಎಂದು ಅವಳಿಗೆ ಆಸೆ. ನಾನು ಕಬ್ಬಿಣದ ಕಮಾನು ಹಾಕಿಸಿಕೊಟ್ಟೆ. ಎರಡು ವರ್ಷದಲ್ಲಿ ಬಳ್ಳಿ ಕಮಾನು ಮುಚ್ಚಿತು. ಹಾಲು ಹಾಕಿ ವಾಪಸ್ಸು ಹೋಗುವವರು ನಮ್ಮ ಗೇಟಿನ ಮುಂದೆ ಒಂದು ಗಳಿಗೆ ನಿಲ್ಲುವರು. ನನ್ನ ಹೆಂಡತಿ ಒಂದು ಗೊಂಚಲನ್ನೂ ಯಾರಿಗೂ ಕಿತ್ತುಕೊಡುತ್ತಿರಲಿಲ್ಲ. ಅವಳು ಕೀಳಲು ಬಿಡುತ್ತಿದ್ದುದು ಮಗಳೊಬ್ಬಳಿಗೇ.

ಬಳ್ಳಿಯ ಕಡ್ಡಿಗಳನ್ನು ಬಗ್ಗಿಸಿ ಕಟ್ಟುವುದು ಪಕ್ಕದ ಮನೆಯಾಕೆಯ ಕೆಲಸವಾಗಿತ್ತು. ನಾನು ಡೈರಿಗೆ ಹೋದ ಹೊತ್ತಿಗೆ ಬಂದು, ನೆಟ್ಟಗೆ ಮೇಲಕ್ಕೆ ಹೊರಟ ಕಡ್ಡಿಗಳನ್ನು ಅಡ್ಡಡ್ಡ ಮಲಗಿಸಿ, ಹಳೆ ಸೀರೆಯ ಅಂಚಿನಿಂದ ಸಡಿಲವಾಗಿ ಕಟ್ಟಿ ಹೋಗುತ್ತಿದ್ದಳು. ನನಗೆ ಅದರಲ್ಲೂ ಅನುಮಾನ. ಕಡ್ಡಿಗಳೆಲ್ಲ ಆಕೆಯ ಗೋಡೆಯ ಕಡೆಗೇ ಯಾಕೆ ಬಾಗಿವೆ? ಹೂವೆಲ್ಲ ಆ ಕಡೆ ಬಿಡಲಿ ಎಂದಲ್ಲವೇ? ಕೇಳಿದರೆ ನನ್ನ ಹೆಂಡತಿ ಆಕೆಯ ಮಾತನ್ನೇ ಒಪ್ಪಿಸಿದಳು: "ನೆಟ್ಟಗೆ ಹೋದ್ರೆ ತುದೀಲಿ ಒಂದು ಹೂವಂತೆ, ಮಲಗ್ಸಿದ್ರೆ ಮೈಯೆಲ್ಲಾ ಹೂವಂತೆ. ನೀವೂ ಒಂಚೂರು ಬಗ್ಗಿ." ನಾನು ಬಗ್ಗಲಿಲ್ಲ.

ನನ್ನ ನಿವೃತ್ತಿಗೆ ಐದು ತಿಂಗಳಿದ್ದಾಗ ನನ್ನ ಹೆಂಡತಿ ಎದೆನೋವು ಎಂದು ಕೂತವಳು ಏಳಲಿಲ್ಲ. ಕೋಲಾರದ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿಯಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಮನೆಗೆ ಬಂದಾಗ ಗೇಟಿನ ತುಂಬ ಹೂವಿತ್ತು ಎಂಬುದಷ್ಟು ನೆನಪಿದೆ. ಆಮೇಲೆ ನನ್ನ ಪಾಲಿಗೆ ಉಳಿದದ್ದು ಆ ಗಿಡ. ಡೈರಿಯ ಕೆಲಸವೂ ಮುಗಿದ ಮೇಲೆ, ಬೆಳಿಗ್ಗೆ ಎದ್ದು ಕ್ಯಾನಿಗಾಗಿ ಕಾಯುವ ಬದಲು ಗಿಡದ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಅದು ಚೆನ್ನಾಗಿದ್ದರೆ ಅವಳು ಎಲ್ಲೋ ಒಳಗೆ ಕೆಲಸ ಮಾಡುತ್ತಿದ್ದಾಳೆ ಎನಿಸುತ್ತಿತ್ತು. ಒಂದು ಎಲೆ ಹಳದಿಯಾದರೆ ಊಟ ಸೇರುತ್ತಿರಲಿಲ್ಲ.

ಆಗ ಕಣ್ಣಿಗೆ ಬಿತ್ತು. ಗಿಡದ ಬುಡದಲ್ಲಿ, ಮಣ್ಣಿಗೆ ಹತ್ತಿಕೊಂಡ ಹಾಗೆ, ದಪ್ಪನೆಯ ಹಸಿರು ಚಿಗುರುಗಳು ಏಳುತ್ತಿದ್ದವು. ಹಳೆಯ ಕಡ್ಡಿಗಳಿಗಿಂತ ರಭಸ, ಮುಳ್ಳೂ ಕಡಿಮೆ. ಎರಡು ದಿನಕ್ಕೆ ಗೇಣುದ್ದ. ಮೂರನೆಯ ದಿನ ನೋಡಿದರೆ ಇಲ್ಲ! ಬುಡದಲ್ಲಿ ಚೂರಿ ಆಡಿದ ಹಸಿ ಗಾಯ. ಇನ್ನೆರಡು ವಾರಕ್ಕೆ ಮತ್ತೆ ಚಿಗುರು, ಮತ್ತೆ ಗಾಯ. ನಾನು ಕೋಲಾರಕ್ಕೆ ಪಿಂಚಣಿ ಕಾಗದಕ್ಕೆಂದು ಹೋದ ದಿನಗಳಲ್ಲೇ ಇದು ನಡೆಯುತ್ತಿತ್ತು. ಊರಲ್ಲಿ ಚೂರಿ ಸಿಕ್ಕಿಸಿಕೊಂಡು ತಿರುಗುವವರು ಎಷ್ಟು ಜನ? ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಹಾಲು ವಾಪಸ್ಸು ಕೊಟ್ಟವನ ಮೇಲಿನ ಸೇಡು, ಇಲ್ಲವೇ ಚಿಗುರನ್ನು ನರ್ಸರಿಗೆ ಮಾರಿಕೊಳ್ಳುವ ಹಂಚಿಕೆ. ಎರಡೂ ಇರಬಹುದು ಎಂದೂ ಅನಿಸಿತು.

ನಾನು ನನ್ನ ವಿದ್ಯೆ ತೋರಿಸಿದೆ. ಗಿಡದ ಸುತ್ತ ಒಲೆಯ ಬೂದಿ ಹರಡಿದೆ, ಹೆಜ್ಜೆ ಮೂಡಲಿ ಎಂದು. ಗೇಟಿನ ಚಿಲಕಕ್ಕೆ ಕಪ್ಪು ದಾರ ಕಟ್ಟಿದೆ. ಒಂದು ಬೆಳಿಗ್ಗೆ ಕೋಲಾರಕ್ಕೆ ಹೋಗುತ್ತೇನೆ ಎಂದು ಗೋಡೆಯಾಚೆ ಕೇಳುವಷ್ಟು ಜೋರಾಗಿ ಫೋನಿನಲ್ಲಿ ಹೇಳಿ, ಚೀಲ ಹಿಡಿದು ಹೊರಟು, ಬಸ್ ಸ್ಟಾಪಿನಿಂದಲೇ ವಾಪಸ್ಸು ಬಂದೆ. ದಾರ ಹರಿದಿತ್ತು. ಬೂದಿಯ ಮೇಲೆ ಕುಕ್ಕರುಗಾಲಲ್ಲಿ ಕೂತು ಆಕೆ ಬುಡ ಕೆದಕುತ್ತಿದ್ದಳು. ಮಡಿಲಲ್ಲಿ ನಾಲ್ಕೈದು ಎಳೆ ಚಿಗುರು.

"ಸಿಕ್ಕಿಬಿದ್ರಲ್ಲಾ! ಏನ್ರಮ್ಮಾ ಇದು ಕಳ್ಳತನ?" ಎಂದೆ.

ಆಕೆ ಬೆಚ್ಚಲಿಲ್ಲ. ನಿಧಾನವಾಗಿ ಚೂರಿ ಒರೆಸಿ ಮಡಿಸಿದಳು. ಎಷ್ಟೋ ವರ್ಷದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು ಅದು: "ಇದು ಕಾಡುಕಡ್ಡಿ ಸಾರ್. ಕಸಿ ಕಟ್ಟಿರೋ ಗಂಟಿಂದ ಕೆಳಗೆ ಬರೋದು. ಕೆಳಗಿಂದು ಕಾಡು ಗುಲಾಬಿ, ಮೇಲಿಂದು ನಿಮ್ಮ ಮನೆಯವ್ರದು. ಇದನ್ನ ಬಿಟ್ರೆ ಸಾರವೆಲ್ಲಾ ಇದೇ ಕುಡಿದುಬಿಡ್ತದೆ. ಅದು ಸಾಯ್ತದೆ."

"ಗಿಡದಲ್ಲಿ ಇದಕ್ಕಿಂತ ಚೆನ್ನಾಗಿರೋ ಕಡ್ಡಿ ಇನ್ನೊಂದಿಲ್ಲ. ಇದು ಕೆಟ್ಟದ್ದಾ?"

"ಚೆನ್ನಾಗಿರೋದೇ ಕೆಟ್ಟದ್ದು ಸಾರ್ ಇದ್ರಲ್ಲಿ."

"ಹಾಗಾದ್ರೆ ನಾನಿದ್ದಾಗ ಬಂದು ಹೇಳ್ಬೇಕಿತ್ತು. ಕದ್ದು ಯಾಕೆ ಬರ್ತೀರಿ?"

"ನೀವು ನನ್ನ ಮಾತು ನಂಬ್ತೀರಾ?" ಎಂದು ಕೇಳಿ, ನನ್ನ ಮುಖ ನೋಡಿ, ಆಕೆಯೇ ಉತ್ತರ ಹೇಳಿಕೊಂಡವಳಂತೆ ತಲೆಯಾಡಿಸಿದಳು. "ನೋಡೀ, ಒಂದು ನಿಜ ಹೇಳ್ತೀನಿ. ಅವತ್ತು ಹಾಲಿಗೆ ನೀರು ಹಾಕಿದ್ದು ನಿಜ. ಮನೇಲಿ ಮೊಮ್ಮಗೂಗೆ ಅಂತ ಒಂದು ಚೊಂಬು ತೆಗೆದಿಟ್ಟು, ಅಷ್ಟು ನೀರು ತುಂಬ್ಸಿದ್ದೆ. ಒಂದೇ ದಿನ. ನೀವು ಹಿಡಿದಿದ್ದು ಸರಿ. ಇಷ್ಟು ವರ್ಷಕ್ಕೆ ನಾನಾಗೇ ಒಪ್ಕೊತಿದೀನಲ್ಲಾ, ಈಗಾದ್ರೂ ನಂಬಿ. ಈ ಕಡ್ಡಿ ಬಿಡ್ಬೇಡಿ."

ಇನ್ನೊಬ್ಬನಾಗಿದ್ದರೆ ಕರಗುತ್ತಿದ್ದನೇನೋ. ನನಗೆ ತಲೆಗೆ ಏರಿತು. ಹಾಲಿಗೆ ನೀರು ಹಾಕಿ ಮಳೆ ಹುಲ್ಲಿನ ಕಥೆ ಹೇಳಿದವಳು, ಗುಲಾಬಿ ಕತ್ತರಿಸಿ ಕಾಡುಕಡ್ಡಿಯ ಕಥೆ ಹೇಳುವುದಿಲ್ಲವೇ? ಅಂದು ನಾನು ಸರಿಯಾಗಿದ್ದೆ ಎಂದರೆ ಇಂದೂ ಸರಿ. ನನ್ನ ಜೀವನದಲ್ಲಿ ಅಷ್ಟು ಹೆಮ್ಮೆಯಿಂದ ಮಾಡಿದ ತಪ್ಪು ಇನ್ನೊಂದಿಲ್ಲ.

"ಇನ್ಮೇಲೆ ಈ ಗೇಟು ದಾಟ್ಬೇಡಿ," ಎಂದೆ.

"ನನ್ನ ಕೈ ಸುಮ್ನಿರಲ್ಲ ಸಾರ್, ಕಾಡುಕಡ್ಡಿ ಕಂಡ್ರೆ. ನಿಮ್ಮ ಕಣ್ಣು ಸುಮ್ನಿರಲ್ಲ, ಕ್ಯಾನು ಕಂಡ್ರೆ. ಪೋನೀಲೆಂಡಿ," ಎಂದು ಎದ್ದಳು. ಹೋಗಲಿ ಬಿಡಿ ಎನ್ನುವುದನ್ನು ಆಕೆ ಯಾವಾಗಲೂ ತೆಲುಗಿನಲ್ಲೇ ಹೇಳುತ್ತಿದ್ದಳು. ಮಡಿಲಲ್ಲಿದ್ದ ಚಿಗುರುಗಳನ್ನು ನನ್ನ ಕುರ್ಚಿಯ ಮೇಲೆ ಇಟ್ಟು ಹೋದಳು.

ಅಂದೇ ಗೇಟಿಗೆ ಸರಪಳಿ ಹಾಕಿದೆ. ಸಂಜೆ ಡೈರಿಯ ಕಟ್ಟೆಯ ಮೇಲೆ ಕೂತು ಕಥೆಯನ್ನು ಉಪ್ಪು ಖಾರ ಹಚ್ಚಿ ಹೇಳಿದೆ. ಹಾಲಿಗೆ ನೀರು ಹಾಕಿದ್ದನ್ನು ಬಾಯಿಬಿಟ್ಟು ಒಪ್ಪಿಕೊಂಡಳು ಎಂಬುದನ್ನು ಎರಡು ಸಲ ಹೇಳಿದೆ. ಊರಿನಲ್ಲಿ ಹೊಸ ಮಾವಿನ ಸಸಿ ತಂದವರು, ಗುಲಾಬಿ ಕುಂಡ ಇಟ್ಟವರು ಅಲ್ಲಿಯವರೆಗೆ ಆಕೆಯನ್ನು ಕರೆಯುತ್ತಿದ್ದರು. ಆಮೇಲೆ ಕರೆಯುವುದು ಕಡಿಮೆಯಾಯಿತು. ಆಕೆ ಕೊಟ್ಟಿಗೆಯ ಮುಂದೆ ಸುಮ್ಮನೆ ಕೂತಿರುವುದು ನನ್ನ ಮಹಡಿಯಿಂದ ಕಾಣುತ್ತಿತ್ತು. ಬುದ್ಧಿ ಬಂತಲ್ಲ ಎಂದುಕೊಂಡೆ.

ಬುಡದ ಚಿಗುರುಗಳನ್ನು ನಾನು ಮಕ್ಕಳ ಹಾಗೆ ಸಾಕಿದೆ. ಕೊಟ್ಟಿಗೆ ಗೊಬ್ಬರ, ಕಡಲೆ ಹಿಂಡಿ, ಡೈರಿಯಲ್ಲಿ ಕ್ಯಾನು ತೊಳೆದ ನೀರು. ಒಂದು ಮಳೆಗಾಲದಲ್ಲಿ ಅವು ಕಮಾನು ದಾಟಿ ಕಿಟಕಿಯ ಮೇಲಿನ ಸಜ್ಜಾಕ್ಕೆ ಏರಿದವು. ಹಳೆಯ ಕಡ್ಡಿಯಲ್ಲಿ ಒಂದೊಂದು ಎಲೆಗೂ ಐದು ಕಿರುಎಲೆಗಳಿದ್ದರೆ ಇವಕ್ಕೆ ಏಳು. ಅದನ್ನೂ ಏಳಿಗೆಯ ಲಕ್ಷಣ ಎಂದು ತಿಳಿದೆ. ದಾರಿಯಲ್ಲಿ ಹೋಗುವವರಿಗೆ ತೋರಿಸಿ, "ಕತ್ತರಿಸೋ ಕೈ ತಪ್ಪಿದ ಮೇಲೆ ನೋಡ್ರಿ ಹೆಂಗೆ ಎದ್ದದೆ," ಎನ್ನುತ್ತಿದ್ದೆ. ಗೋಡೆಯಾಚೆ ಕೇಳಲಿ ಎಂದೇ ಹಾಗೆ ಹೇಳುತ್ತಿದ್ದುದು.

ಆ ಚಳಿಗಾಲದಲ್ಲಿ ಹೂ ಕಡಿಮೆಯಾಯಿತು. ಹಳೆಯ ಕಡ್ಡಿಗಳ ತುದಿ ಕಪ್ಪಾಗತೊಡಗಿತು. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಗೇಟಿನ ಮೇಲೆ ಒಂದು ಮೊಗ್ಗೂ ಇಲ್ಲ, ಎಲೆಯ ರಾಶಿ ಮಾತ್ರ. ಆಗ ನಾನು ಯಾರನ್ನು ಅನುಮಾನಿಸಿದೆ ಎಂದು ಬೇರೆ ಹೇಳಬೇಕೇ? ಗೋಡೆಯಾಚೆಯಿಂದ ಉಪ್ಪು ನೀರು ಸುರಿದಿದ್ದಾಳೆ ಎಂದುಕೊಂಡು, ಬುಡದ ಮಣ್ಣನ್ನು ಬೆರಳಲ್ಲಿ ತೆಗೆದು ನೆಕ್ಕಿ ನೋಡಿದೆ. ಅರವತ್ತು ದಾಟಿದ ಮನುಷ್ಯ ತನ್ನ ಮನೆಯ ಮುಂದೆ ಮಣ್ಣು ನೆಕ್ಕುತ್ತಿದ್ದ. ಉಪ್ಪಿರಲಿಲ್ಲ. ಸೀಮೆಎಣ್ಣೆ ಇರಬಹುದೇ ಎಂದು ಮೂಸಿದೆ. ಅದೂ ಇಲ್ಲ. ಕೊನೆಗೆ ಒಂದು ಕಡ್ಡಿ ಮುರಿದು ಕಾಗದದಲ್ಲಿ ಸುತ್ತಿಕೊಂಡು, ಸಾಕ್ಷಿ ಸಮೇತ ಹಿಡಿಯುತ್ತೇನೆ ಎಂದು ಮಾಲೂರಿನ ಬಸ್ಸು ಹತ್ತಿದೆ.

ನರ್ಸರಿಯ ಮುದುಕ ಕಡ್ಡಿಯನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ. ಎಲೆ ನೋಡಿದ ಕೂಡಲೇ ನಕ್ಕ.

"ಇದು ನಾವು ಬುಡಕ್ಕೆ ಹಾಕೋ ಕಾಡು ಗುಲಾಬಿ ಅಲ್ವಾ ಸಾರ್? ಇದಕ್ಕೆ ಯಾರು ಗೊಬ್ಬರ ಹಾಕಿದ್ದು?"

"ನಾನೇ," ಎಂದೆ.

"ಮೇಲಿನ ಕಸಿ ಹೋಯ್ತು ಹಂಗಾದ್ರೆ. ಇದು ಬಂದ ಬಂದ ಹಾಗೇ ಕೀಳ್ತಿರ್ಬೇಕಿತ್ತು. ಕೀಳೋರು ಯಾರೂ ಇರ್ಲಿಲ್ವಾ ಮನೇಲಿ?"

ಇದ್ದರು. ಅವರಿಗೇ ನಾನು ಗೇಟು ಮುಚ್ಚಿದ್ದೆ. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತೆ. ನನ್ನ ಹೆಂಡತಿ ಸತ್ತ ದಿನ ಮನೆ ತುಂಬ ಜನರಿದ್ದರು, ಅಳಲು ಆಗಿರಲಿಲ್ಲ. ಅಂದು ಬಸ್ಸಿನಲ್ಲಿ ಅತ್ತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು. ಅವಳು ತೊಡೆಯ ಮೇಲೆ ಇಟ್ಟುಕೊಂಡು ತಂದ ಗಿಡವನ್ನು ನಾನು ಕೈಯಾರೆ ಗೊಬ್ಬರ ಹಾಕಿ ಕೊಂದಿದ್ದೆ.

ಮಾರನೆಯ ಬೆಳಿಗ್ಗೆ ಗೇಟಿನ ಸರಪಳಿ ಬಿಚ್ಚಿ ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತೆ. ಆಕೆ ಕೊಟ್ಟಿಗೆಯ ಮುಂದೆ ಕಂಬಳಿ ಹೊದ್ದು ಕೂತಿದ್ದಳು. ಒಂದೂವರೆ ವರ್ಷದಲ್ಲಿ ಅರ್ಧಕ್ಕೆ ಇಳಿದುಹೋಗಿದ್ದಳು. ಕೆಮ್ಮು ಬಂದರೆ ನಿಲ್ಲುತ್ತಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು ಇಷ್ಟೇ: "ಏಳೆಲೆ ಬಂದದೆ."

ಆಕೆ ನನ್ನನ್ನು ನೋಡಿದಳು. ನಾನು ಮುಖ ಮುಚ್ಚಿಕೊಂಡು ಆಕೆಯ ಕೊಟ್ಟಿಗೆಯ ಕಂಬಕ್ಕೆ ಒರಗಿಬಿಟ್ಟೆ. ಸೊಸೆ ಒಳಗಿನಿಂದ ಇಣುಕಿ ಹಿಂದಕ್ಕೆ ಸರಿದಳು. ಇನ್ನೊಬ್ಬರ ಮುಂದೆ ನಾನು ಹಾಗೆ ಅತ್ತದ್ದು ಅದೇ ಮೊದಲು.

"ಅಯ್ಯೋ ದೇವುಡಾ. ಏಳಿ ಸಾರ್, ಹಸು ಹೆದರ್ಕೊಂತದೆ," ಎಂದಳು ಆಕೆ. ಆಮೇಲೆ, "ಪೋನೀಲೆಂಡಿ. ನಡೀರಿ, ಬುಡ ನೋಡಾನ."

ಗೋಡೆ ಹಿಡಿದುಕೊಂಡು ಬಂದಳು. ಗಿಡದ ಮುಂದೆ ಕೂತು ತುಂಬ ಹೊತ್ತು ಕೆದಕಿದಳು. ಕಪ್ಪಾದ ಹಳೆಯ ಕಡ್ಡಿಗಳನ್ನು ಒಂದೊಂದಾಗಿ ಉಗುರಿನಿಂದ ಕೆರೆದು ನೋಡಿದಳು. ಒಳಗೆಲ್ಲ ಕಂದು. ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ, ಫಲಿತಾಂಶಕ್ಕೆ ಕಾಯುವವನ ಹಾಗೆ. ಕೊನೆಗೆ ಬುಡದ ಹತ್ತಿರದ ಒಂದು ಮೋಟನ್ನು ಬೆರಳಿನಿಂದ ಮುಚ್ಚಿ ಹಿಡಿದು, "ಇಲ್ಲೊಂಚೂರು ಹಸಿರದೆ. ಜೀವ ಅದೆ," ಎಂದಳು. "ಇದ್ರ ಕಣ್ಣು ತೆಗೆದು ಈ ಕಾಡುಕಡ್ಡಿಗೇ ಕೂಡ್ಸಾನ. ಕೊಬ್ಬಿದಾನಲ್ಲಾ ಇವ್ನು, ದುಡೀಲಿ. ಒಳಗೆ ಹೋಗಿ ಒಂದು ಚೊಂಬು ಬಿಸಿನೀರು ಕಾಯ್ಸಿ ತಗೊಂಬನ್ನಿ ಸಾರ್, ಚೂರಿ ತೊಳೀಬೇಕು. ಹಾಲಿನ ಪ್ಲಾಸ್ಟಿಕ್ ಕವರೂ ತನ್ನಿ, ಪಟ್ಟಿ ಕಟ್ಟಕ್ಕೆ."

ಡೈರಿಯಲ್ಲಿದ್ದಷ್ಟು ವರ್ಷವೂ ಪರೀಕ್ಷೆಗೆ ತೆಗೆದ ಹಾಲನ್ನು ಕಣ್ಣಿಂದ ಆಚೆ ಬಿಟ್ಟವನಲ್ಲ ನಾನು. ಅಂದು ಎದ್ದು ಒಳಗೆ ಹೋದೆ. ನೀರು ಕಾಯಿಸಿ, ಕವರು ಹುಡುಕಿ ತರುವಷ್ಟರಲ್ಲಿ ಆಕೆಯ ಮಡಿಲಲ್ಲಿ ಒದ್ದೆ ಬಟ್ಟೆಯೊಳಗೆ ಮೂರು ಕಣ್ಣುಗಳು ಸಿದ್ಧವಾಗಿದ್ದವು. ಎಲೆಯ ಬುಡದಲ್ಲಿರುವ ಮೊಳಕೆಯನ್ನು ಚೂರು ತೊಗಟೆಯ ಸಮೇತ ತೆಗೆದಿದ್ದಳು, ಅವರೆಕಾಳಿನ ಸಿಪ್ಪೆಗಿಂತ ದೊಡ್ಡದಲ್ಲ. ಆಕೆ ಏದುಸಿರು ಬಿಡುತ್ತಿದ್ದಳು, ನಡೆದು ಬಂದವಳ ಹಾಗೆ. ಕೆಮ್ಮಿನಿಂದ ಎಂದುಕೊಂಡೆ. ಏನನ್ನೂ ಕೇಳಲಿಲ್ಲ.

ಕಾಡುಕಡ್ಡಿಯ ತೊಗಟೆ ಸೀಳಿ, ಕಣ್ಣನ್ನು ಒಳಗೆ ಜಾರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದಳು. ಇಪ್ಪತ್ತು ದಿನ ಬಿಟ್ಟು ಪಟ್ಟಿ ಬಿಚ್ಚಿದಾಗ ಮೂರರಲ್ಲಿ ಎರಡು ಹಸಿರಾಗಿದ್ದವು. ಅವು ಚಿಗುರಿದ ಮೇಲೆ ಕಾಡುಕಡ್ಡಿಗಳ ತಲೆಯನ್ನೆಲ್ಲ ಆಕೆ ನನ್ನ ಕೈಯಿಂದಲೇ ಕಡಿಸಿದಳು. ಆಮೇಲೆ ದಿನವೂ ಬಂದು ನನ್ನ ಕುರ್ಚಿಯಲ್ಲಿ ಕೂತು ಚಿಗುರನ್ನು ಬೈಯುತ್ತಿದ್ದಳು. "ಏನೇ ಸೋಮಾರಿ, ಇವತ್ತೂ ಅಷ್ಟೇನಾ?" ನಾನು ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ಡೈರಿಯ ಕಟ್ಟೆಗೆ ಹೋಗಿ, ತಪ್ಪು ನನ್ನದು ಎಂದು ಎಲ್ಲರ ಮುಂದೆ ಹೇಳಿಬಂದೆ. ಅದನ್ನು ಎರಡು ಸಲ ಹೇಳಲು ನನಗೆ ಆಗಲಿಲ್ಲ, ಒಂದೇ ಸಲ ಹೇಳಿದೆ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಆಕೆ ತೀರಿಕೊಂಡಳು. ಶ್ವಾಸಕೋಶದ್ದೇನೋ ಎಂದು ಮಗ ಹೇಳಿದ. ಚಿಗುರು ಆಗ ಮೊಣಕಾಲೆತ್ತರ. ಹೂ ನೋಡದೆ ಹೋದಳಲ್ಲ ಎಂದು ನನಗೆ ಸಂಕಟವಾಯಿತು. ಚೂರಿಯನ್ನು ಸೊಸೆ ಆಕೆಯ ಜೊತೆಯಲ್ಲೇ ಮಣ್ಣಿಗೆ ಹಾಕಿಸಿದಳು.

ಮಳೆ ಹಿಡಿದ ಮೇಲೆ ಬಳ್ಳಿ ಕಮಾನಿಗೆ ಏರಿತು. ಹೇಳಿಕೊಟ್ಟ ಹಾಗೆ ಅಡ್ಡಡ್ಡ ಮಲಗಿಸಿ ಕಟ್ಟಿದೆ. ಶ್ರಾವಣದಲ್ಲಿ ಮೊಗ್ಗು ಬಂತು. ಒಂದು ಬೆಳಿಗ್ಗೆ ಎದ್ದು ಹೊರಗೆ ಬಂದರೆ ಗೇಟಿನ ಮೇಲೆ ಮೊದಲ ಹೂವು ಅರಳಿತ್ತು. ಬಿಳಿ.

ನಾನು ಅದನ್ನು ಹತ್ತಿರದಿಂದ ನೋಡಿದೆ, ದೂರದಿಂದ ನೋಡಿದೆ. ಬಿಸಿಲು ಬಿದ್ದ ಮೇಲೆ ಬಣ್ಣ ಏರಬಹುದು ಎಂದು ಮಧ್ಯಾಹ್ನದವರೆಗೂ ಕಾದೆ. ಆಮೇಲೆ ಸೊಸೆಯನ್ನು ಕೇಳಿ ಅವರ ಕೊಟ್ಟಿಗೆಯ ಹತ್ತಿರ ಹೋದೆ. ಶೀಟಿನಿಂದ ಇಳಿಬಿದ್ದ ಬಿಳಿ ಗುಲಾಬಿಯ ಒಂದು ಕಡ್ಡಿಯ ಮೇಲೆ, ಸಾಲಾಗಿ, ಕಣ್ಣು ತೆಗೆದ ಮೂರು ಗಾಯ ಒಣಗಿತ್ತು. ನಾನು ನೀರು ಕಾಯಿಸುತ್ತಿದ್ದಾಗ ಆ ಕಾಯಿಲೆಯ ಹೆಂಗಸು ಗೋಡೆ ಹಿಡಿದುಕೊಂಡು ಇಲ್ಲಿಯವರೆಗೆ ನಡೆದುಬಂದು ವಾಪಸ್ಸು ಹೋಗಿದ್ದಳು. ನನ್ನ ಗಿಡದ ಮೋಟಿನಲ್ಲಿ ಹಸಿರು ಇರಲೇ ಇಲ್ಲ. ಎಷ್ಟೋ ವರ್ಷ ಆಕೆಯ ನಿಜವನ್ನೆಲ್ಲ ಅನುಮಾನಿಸಿದೆ. ಒಂದು ಸಲ ಕಣ್ಣು ಮುಚ್ಚಿ ನಂಬಿದೆ, ಆ ಸಲವೇ ಆಕೆ ಮತ್ತೆ ಸುಳ್ಳು ಹೇಳಿದ್ದು. ನನಗೆ ಕೋಪ ಬರುತ್ತದೆಯೇನೋ ಎಂದು ಕಾದು ನೋಡಿದೆ. ಬರಲಿಲ್ಲ.

ಗೌರಿ ಹಬ್ಬಕ್ಕೆ ಮಗಳು ಮುಳಬಾಗಿಲಿನಿಂದ ಬಂದಳು. ಅಮ್ಮನ ಗಿಡ ಮತ್ತೆ ಚಿಗುರಿದೆ ಎಂದು ಚೈತ್ರದಲ್ಲೇ ಅವಳಿಗೆ ಫೋನು ಮಾಡಿ ಹೇಳಿದ್ದೆ. ಆಟೋ ಇಳಿದವಳು ಚೀಲ ಕೆಳಗಿಡದೆ ಗೇಟಿನ ಕೆಳಗೆ ನಿಂತಳು. ಅವಳು ನನ್ನ ಮಗಳೇ, ಕಣ್ಣು ಸಣ್ಣದು ಮಾಡಿ ನೋಡುವುದೂ ನನ್ನ ಹಾಗೆಯೇ.

"ಅಪ್ಪಾ, ಅಮ್ಮಂದು ರೋಸ್ ಕಲರ್ ಅಲ್ವಾ? ಇದು ಬೆಳ್ಳಗಿದೆ. ಯಾರೋ ನಿಂಗೆ ಮೋಸ ಮಾಡಿದಾರೆ ಕಣಪ್ಪಾ."

"ಹೂಂ ಕಣೇ, ಮೋಸಾನೇ," ಎಂದೆ. "ಅಮ್ಮನ ಗಿಡಾನ ನಾನೇ ಸಾಯ್ಸಿದ್ದೆ. ಅದನ್ನ ನನ್ನ ಮುಖಕ್ಕೆ ಹೇಳೋಕೆ ಶ್ರೀನಿವಾಸಪುರದಕ್ಕಂಗೆ ಮನಸ್ಸು ಬರ್ಲಿಲ್ಲ."